ಅಮೆರಿಕಕ್ಕೆ ಹೋದ ಅಣ್ಣ, ಊರಲ್ಲೇ ಉಳಿದ ತಮ್ಮ: ಜರ್ಮನ್ ಮೂಲ ಹುಡುಕುವ ದಾರಿಗಳ ಒಂದು ಹೋಲಿಕೆ

ವಿಸ್ಕಾನ್ಸಿನ್‌ನಲ್ಲಿ ಹುಟ್ಟಿ ಬೆಳೆದ ನಮ್ಮ ಅತ್ತೆಯವರಿಗೆ ತಮ್ಮ ಮುತ್ತಜ್ಜ 1854ರಲ್ಲಿ ಜರ್ಮನಿಯ ನೈಋತ್ಯ ಭಾಗದ ವುರ್ಟೆಂಬರ್ಗ್ ರಾಜ್ಯದಿಂದ ಬಂದವರೆಂಬುದು ತಿಳಿದಿತ್ತು, ಯಾವ ಊರಿನವರೆಂಬುದು ತಿಳಿದಿರಲಿಲ್ಲ. ಎಂಬತ್ತು ದಾಟಿದ ಮೇಲೆ ಒಂದು ದಿನ ಅವರು, "ಅಲ್ಲಿ ನಮ್ಮವರು ಅಂತ ಯಾರಾದರೂ ಇದ್ದಾರೆಯೇ, ನೋಡಿ ಹೇಳುತ್ತೀಯಾ?" ಎಂದು ಕೇಳಿದರು. ಆ ಮಾತಿಗೆ ಒಪ್ಪಿ ನಾನು ಒಂದೂವರೆ ವರ್ಷ ಬೇರೆ ಬೇರೆ ದಾರಿಗಳನ್ನು ಹಿಡಿದು ನೋಡಿದೆ.

ಮೊದಲು ತೆರೆದದ್ದು ಆನ್ಸೆಸ್ಟ್ರಿ. ಹಣ ಕೊಟ್ಟು ಬಳಸಬೇಕಾದ ಈ ತಾಣದಲ್ಲಿ ಹೆಸರು ಹಾಕಿದೊಡನೆ ಅಮೆರಿಕದ ಜನಗಣತಿ, ಪೌರತ್ವದ ಕಾಗದಪತ್ರಗಳು, ಹಡಗಿನ ಪಟ್ಟಿಗಳು ಸಾಲಾಗಿ ಬರುತ್ತವೆ, ಮತ್ತು ಆ ವೇಗಕ್ಕೆ ಸಾಟಿಯಿಲ್ಲ. ಆದರೆ ಪೌರತ್ವದ ಕಾಗದದಲ್ಲಿ ಇದ್ದದ್ದು ವುರ್ಟೆಂಬರ್ಗಿನ ದೊರೆಯ ಮೇಲಿನ ನಿಷ್ಠೆಯನ್ನು ತ್ಯಜಿಸಿದ ಮಾತು ಮಾತ್ರ, ಊರಿನ ಹೆಸರಿಲ್ಲ. 1850ರಿಂದ 1934ರವರೆಗಿನ ಹ್ಯಾಂಬರ್ಗ್ ಬಂದರಿನ ಪಟ್ಟಿಗಳೂ ಅಲ್ಲಿವೆ. ಆದರೆ ಜರ್ಮನಿಯ ನೈಋತ್ಯ ಭಾಗದ ಬಹಳಷ್ಟು ಜನ ಫ್ರಾನ್ಸಿನ ಲ ಹಾವ್ರ್ ಬಂದರಿನಿಂದ ಹಡಗು ಹತ್ತುತ್ತಿದ್ದರಾದ್ದರಿಂದ ಅವು ನಮಗೆ ಒದಗಲಿಲ್ಲ.

ಊರಿನ ಹೆಸರು ಸಿಕ್ಕಿದ್ದು ಫ್ಯಾಮಿಲಿಸರ್ಚ್‌ನಲ್ಲಿ. ಇದು ಪೂರ್ತಿ ಉಚಿತ ತಾಣ. ದಾಖಲೆಗಳ ಕೆಲವು ಚಿತ್ರಗಳು ಮಾತ್ರ ಮನೆಯಲ್ಲಿ ತೆರೆಯುವುದಿಲ್ಲವಾದ್ದರಿಂದ, ಅವರ ಜಾಲಕ್ಕೆ ಸೇರಿದ ಗ್ರಂಥಾಲಯಕ್ಕೆ ಹೋಗಿ ಕುಳಿತು ನೋಡಬೇಕಾಗುತ್ತದೆ. ವಿಸ್ಕಾನ್ಸಿನ್‌ನ ಜರ್ಮನ್ ಚರ್ಚೊಂದರ ವಿವಾಹದ ಪುಸ್ತಕದಲ್ಲಿ, ವರನ ಹೆಸರಿನ ಪಕ್ಕದಲ್ಲೇ, ವುರ್ಟೆಂಬರ್ಗಿನ ರಾಯ್ಟ್‌ಲಿಂಗೆನ್ ಸಮೀಪದ ಹಳ್ಳಿಯೊಂದರ ಹೆಸರನ್ನು ಪಾದ್ರಿ ಬರೆದಿಟ್ಟಿದ್ದರು. ಜರ್ಮನಿಯ ಪುಸ್ತಕಗಳಿಗೆ ಕೈ ಹಾಕುವ ಮೊದಲು ಅಮೆರಿಕದ ಚರ್ಚ್ ಪುಸ್ತಕಗಳನ್ನು (ದೀಕ್ಷಾಸ್ನಾನ, ವಿವಾಹ, ಮರಣಗಳನ್ನು ಪಾದ್ರಿಗಳು ಬರೆದಿಟ್ಟವು) ಮುಗಿಸಿಕೊಳ್ಳಬೇಕೆಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ.

ಊರು ಗೊತ್ತಾದ ಮೇಲೆ ಆರ್ಕಿಯೋನ್‌ಗೆ ಸಮನಾದದ್ದು ಇನ್ನೊಂದಿಲ್ಲ. ಪ್ರಾಟೆಸ್ಟೆಂಟ್ ಚರ್ಚ್‌ಗಳ ಪುಸ್ತಕಗಳನ್ನು 2015ರಿಂದ ಅಂತರಜಾಲದಲ್ಲಿ ಒದಗಿಸುತ್ತಿರುವ ಈ ತಾಣಕ್ಕೂ ಶುಲ್ಕವಿದೆ. (ಕ್ಯಾಥೊಲಿಕ್ ಮನೆತನದವರು ಮಾಟ್ರಿಕುಲಾ ಎಂಬ ಉಚಿತ ತಾಣವನ್ನು ನೋಡಬೇಕು.) ಜರ್ಮನಿಯಾದ್ಯಂತ ಸರ್ಕಾರಿ ಜನನ-ಮರಣ ನೋಂದಣಿ ಆರಂಭವಾದದ್ದು 1876ರಲ್ಲಿ. ಅದಕ್ಕಿಂತ ಹಿಂದಿನದಕ್ಕೆ ಬಹುಪಾಲು ಊರುಗಳಲ್ಲಿ ಚರ್ಚ್ ಪುಸ್ತಕವೇ ಆಧಾರ. ಆರ್ಕಿಯೋನ್‌ನಲ್ಲಿ ಬಹುತೇಕ ಪುಸ್ತಕಗಳಿಗೆ ಹೆಸರಿನ ಸೂಚಿಯಿಲ್ಲದ ಕಾರಣ ಪುಟಪುಟವನ್ನೂ ತಿರುವಬೇಕು, ಅದೂ ಕುರೆಂಟ್ ಎಂಬ ಹಳೆಯ ಕೈಬರಹದಲ್ಲಿ. ಅದರಲ್ಲಿ 'ಇ' (e) ಅಕ್ಷರ ನಮ್ಮ ಕಣ್ಣಿಗೆ 'ಎನ್' (n) ಆಗಿಯೇ ಕಾಣುತ್ತದೆ. ನನಗೆ ಕಣ್ಣು ಪಳಗಲು ಮೂರು ವಾರ ಬೇಕಾಯಿತು.

ಆ ಶ್ರಮಕ್ಕೆ ಸಿಕ್ಕ ಫಲ ಕುಟುಂಬ ಪುಸ್ತಕದ ಒಂದೇ ಒಂದು ಪುಟ. ವುರ್ಟೆಂಬರ್ಗಿನ ಪಾದ್ರಿಗಳು 1808ರಿಂದ ಪ್ರತಿಯೊಂದು ಸಂಸಾರಕ್ಕೂ ಹೀಗೆ ಪುಟ ತೆರೆದು ಬರೆಯುತ್ತಿದ್ದರು. ಮೇಲೆ ಗಂಡ, ಹೆಂಡತಿ, ಅವರಿಬ್ಬರ ತಂದೆತಾಯಿಗಳು, ಕೆಳಗೆ ಒಂಬತ್ತು ಮಕ್ಕಳು. ನಾಲ್ವರ ಹೆಸರಿನ ಮುಂದೆ ತೀರಿಕೊಂಡರೆಂಬ ಗುರುತಾಗಿ ಪುಟ್ಟ ಶಿಲುಬೆ, ಒಬ್ಬನ ಮುಂದೆ 'ಅಮೆರಿಕ'. ಬೇರೊಂದು ತಾಣದಲ್ಲಿ ಯಾರೋ ಏರಿಸಿದ್ದ ವಂಶವೃಕ್ಷವನ್ನು ನಂಬಿ ನಾನು ಬರೆದುಕೊಂಡಿದ್ದ ಜನ್ಮದಿನ ತಪ್ಪೆಂಬುದೂ ಅಲ್ಲಿಯೇ ತಿಳಿಯಿತು. ಅದು ಎಳವೆಯಲ್ಲೇ ತೀರಿಕೊಂಡ ಮೊದಲ ಮಗುವಿನದು; ಅದೇ ಹೆಸರನ್ನು ಮುಂದಿನ ಮಗುವಿಗೆ ಇಟ್ಟಿದ್ದರು, ಮತ್ತು ಅಮೆರಿಕಕ್ಕೆ ಬಂದವನು ಆ ಎರಡನೆಯವನು. ಸತ್ತ ಮಗುವಿನ ಹೆಸರನ್ನೇ ಮುಂದಿನ ಮಗುವಿಗೆ ಇಡುವುದು ಆಗ ಅಲ್ಲಿ ವಾಡಿಕೆಯಾಗಿತ್ತು. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ನಿನಲ್ಲಿಯೂ ಮೊಗ್ಲಿಂಗರಂತೆ ವುರ್ಟೆಂಬರ್ಗಿನವರು ಬಹಳ ಮಂದಿ ಇದ್ದುದರಿಂದ, ಅವರ ಮನೆತನಗಳನ್ನು ಅರಸುವ ನಮ್ಮ ಕಡೆಯ ಓದುಗರಿಗೂ ಈ ಕುಟುಂಬ ಪುಸ್ತಕಗಳೇ ದಾರಿ.

ಬದುಕಿರುವವರನ್ನು ಹುಡುಕುವುದು ಬೇರೆಯೇ ಕೆಲಸ. ಡಿಎನ್‌ಎ ಪರೀಕ್ಷೆಗಳಲ್ಲಿ ಆನ್ಸೆಸ್ಟ್ರಿಯ ಸಂಗ್ರಹ ದೊಡ್ಡದಾದರೂ ಅತ್ತೆಯವರಿಗೆ ಹೊಂದಿಕೆಯಾದವರೆಲ್ಲರೂ ಅಮೆರಿಕದವರೇ. ಯುರೋಪಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಮೈಹೆರಿಟೇಜ್‌ನಲ್ಲಿ ಜರ್ಮನಿಯ ಮೂವರು ಸಿಕ್ಕರು. ನನ್ನ ಪತ್ರಕ್ಕೆ ಉತ್ತರಿಸಿದವರು ಒಬ್ಬರು, ಅವರಿಗೂ ಸಂಬಂಧ ಯಾವ ಕಡೆಯದೆಂದು ಗೊತ್ತಿರಲಿಲ್ಲ. ಯುರೋಪಿನ ನೆಂಟರಿಗಾಗಿ ಒಂದೇ ಪರೀಕ್ಷೆ ಮಾಡಿಸುವುದಾದರೆ ಮೈಹೆರಿಟೇಜ್ ಸಾಕು ಎಂಬುದು ನನ್ನ ಅಭಿಪ್ರಾಯ. ಸರ್ಕಾರಿ ನೋಂದಣಿ ಕಚೇರಿಯ ದಾಖಲೆಗಳಿಗೆ ಕಾನೂನಿನ ಕಾಲಮಿತಿಯಿದೆ: ಜನನಕ್ಕೆ 110 ವರ್ಷ, ವಿವಾಹಕ್ಕೆ 80, ಮರಣಕ್ಕೆ 30. ಈ ಅವಧಿ ಕಳೆದ ಮೇಲೆ ಪುಸ್ತಕಗಳು ದಾಖಲೆಯಾಲಯಕ್ಕೆ ಹೋಗುತ್ತವೆ. ಹೀಗೆ ಎಲ್ಲಕ್ಕಿಂತ ಬೇಗ ತೆರೆದುಕೊಳ್ಳುವುದು ಮರಣದ ದಾಖಲೆಯಾದ್ದರಿಂದ ನಾನು ಅದನ್ನೇ ಹಿಡಿದೆ. ಅಮೆರಿಕಕ್ಕೆ ಬಂದವನ ಹಿಂದೆ ಹೋಗುವುದನ್ನು ಬಿಟ್ಟು ಊರಲ್ಲೇ ಉಳಿದ ಕಿರಿಯ ತಮ್ಮನ ಸಂತತಿಯನ್ನು ಪಟ್ಟಿ ಮಾಡುತ್ತ ಬಂದಾಗ, ಅವನ ಮೊಮ್ಮಗಳೊಬ್ಬಳು ಅದೇ ಊರಿನಲ್ಲಿ ತೀರಿಕೊಂಡದ್ದು ತಿಳಿಯಿತು.

ಕೊನೆಗೆ ಫಲಿಸಿದ್ದು ಕಾಗದ. ಆ ಭಾಗದ ಊರಾಡಳಿತಗಳು ವಾರವಾರವೂ ಪ್ರಕಟಣಾ ಪತ್ರಿಕೆ ಹೊರಡಿಸುತ್ತವೆ. ಸರಳ ಜರ್ಮನ್‌ನಲ್ಲಿ ಅರ್ಧ ಪುಟ ಬರೆದು, ಕುಟುಂಬ ಪುಸ್ತಕದಲ್ಲಿ ಕಂಡ ಹೆಸರುಗಳನ್ನೂ ವರ್ಷಗಳನ್ನೂ ಕೊಟ್ಟು, ಅದರಲ್ಲಿ ಹಾಕುವಂತೆ ಊರಾಡಳಿತವನ್ನು ಕೇಳಿಕೊಂಡೆ. ಏಳು ವಾರಗಳ ನಂತರ ಅತ್ತೆಯವರ ಹೆಸರಿಗೇ ಒಂದು ಲಕೋಟೆ ಬಂತು. ಬರೆದವರು ಆ ಕಿರಿಯ ತಮ್ಮನ ವಂಶದ ಹಿರಿಯ ಹೆಂಗಸು. ಒಳಗೆ ಹಳೆಯ ಮನೆಯದೊಂದು ಫೋಟೊ, ಜೊತೆಗೆ ಒಂದು ಪ್ರಶ್ನೆ: ಅಮೆರಿಕಕ್ಕೆ ಹೋದ ಆ ಅಣ್ಣನಿಗೆ ಮಕ್ಕಳಾದವೇ ಎಂದು ನಮ್ಮ ಮನೆಯಲ್ಲಿ ಯಾರಿಗೂ ತಿಳಿಯದು, ನೀವು ಹೇಳಬಲ್ಲಿರಾ? ಅತ್ತೆಯವರು ಅಂದು ಸಂಜೆಯೇ ಉತ್ತರ ಬರೆಯಲು ಕುಳಿತರು.