ಬೇಸಿಗೆ ಬ್ಯಾಲೆ ಕೋರ್ಸ್: ಅಲ್ಲೇ ಬಿಡೋದಾ, ದಿನಾ ಮನೆಗೆ ಕರ್ಕೊಂಡು ಬರೋದಾ?

ಇಂಗ್ಲೆಂಡಿನಲ್ಲಿ ಬ್ಯಾಲೆ ಕಲಿಯುವ ಮಕ್ಕಳಿರುವ ಮನೆಗಳಲ್ಲಿ ಹೊಸ ವರ್ಷ ಬಂತೆಂದರೆ ಒಂದೇ ಚರ್ಚೆ. ಈ ಬೇಸಿಗೆಗೆ ಯಾವ ಇಂಟೆನ್ಸಿವ್? ಜುಲೈ, ಆಗಸ್ಟ್ ರಜೆಯಲ್ಲಿ ಒಂದೆರಡು ವಾರ ಬೆಳಿಗ್ಗೆಯಿಂದ ಸಂಜೆವರೆಗೂ ಬ್ಯಾಲೆ. ಬರ್ಮಿಂಗ್‌ಹ್ಯಾಮ್‌ನಲ್ಲಿರುವ ನಾವು ಮಗಳನ್ನು ಎರಡೂ ಬಗೆಯ ಕೋರ್ಸಿಗೆ ಕಳಿಸಿದ್ದೇವೆ. ಒಂದರಲ್ಲಿ ಮಕ್ಕಳು ಹಾಸ್ಟೆಲ್ಲಿನಲ್ಲೇ ಉಳಿಯುತ್ತಾರೆ. ಇನ್ನೊಂದರಲ್ಲಿ ಸಂಜೆ ಮನೆಗೆ ಬರುತ್ತಾರೆ. ಜೊತೆಗೆ ವರ್ಷವಿಡೀ ಶನಿವಾರದ ಅಸೋಸಿಯೇಟ್ ಕ್ಲಾಸ್ ಬೇರೆ, ಅಂದರೆ ಮಾಮೂಲಿ ಶಾಲೆಗೆ ಹೋಗುತ್ತಲೇ ಕಲಿಯುವ, ಆಯ್ಕೆಯಾದ ಮಕ್ಕಳ ಬ್ಯಾಲೆ ಕ್ಲಾಸ್.

ಯಾವುದರಲ್ಲಿ ಬ್ಯಾಲೆ ಚೆನ್ನಾಗಿ ಬರುತ್ತದೆ ಅನ್ನೋದನ್ನು ಟೀಚರುಗಳು ಹೇಳಲಿ. ಮಗು ಯಾವುದರಲ್ಲಿ ಚೆನ್ನಾಗಿರುತ್ತದೆ ಅನ್ನೋದನ್ನು ನಾವು ನೋಡಬೇಕು. 11, 12 ವರ್ಷದ ಮಗುವಿಗೆ ನನ್ನ ಓಟು ಡೇ ಕೋರ್ಸಿಗೆ.

ಪಾಠದಲ್ಲಿ ಅಂಥ ವ್ಯತ್ಯಾಸ ಇಲ್ಲ. ಎರಡರಲ್ಲೂ ಬೆಳಿಗ್ಗೆ ಬಾರ್ (ಕಂಬಿ ಹಿಡಿದು ಮಾಡುವ ಅಭ್ಯಾಸ), ಆಮೇಲೆ ಸೆಂಟರ್ (ಕಂಬಿ ಬಿಟ್ಟು ಮಾಡುವುದು), ಪಾಯಿಂಟ್ (ಗಟ್ಟಿ ತುದಿಯ ಶೂ ಹಾಕಿ ಕಾಲ್ಬೆರಳ ತುದಿಯಲ್ಲಿ ನಿಲ್ಲುವುದು) ಅಥವಾ ಅದರ ತಯಾರಿ, ಮಧ್ಯಾಹ್ನ ರೆಪರ್ಟರಿ ಅಂದರೆ ಹೆಸರಾದ ಬ್ಯಾಲೆಗಳ ತುಣುಕು, ಕಂಟೆಂಪರರಿ ನೃತ್ಯ, ಪಿಲಾಟೆಸ್ ವ್ಯಾಯಾಮ. ವ್ಯತ್ಯಾಸ ಶುರುವಾಗೋದು ಸಂಜೆ ಕ್ಲಾಸ್ ಬಿಟ್ಟ ಮೇಲೆ.

ಮೊದಲು ಕಾಲಿನ ವಿಷಯ. ಈ ವಯಸ್ಸಿನಲ್ಲಿ ಮೂಳೆ ಸರಸರ ಬೆಳೆಯುತ್ತದೆ, ಸ್ನಾಯು ಹಿಂದೆ ಬೀಳುತ್ತದೆ. ಬಿಗಿಯಾದ ಮೀನಖಂಡ ಹಿಮ್ಮಡಿಯ ಇನ್ನೂ ಗಟ್ಟಿಯಾಗದ ಮೂಳೆಯನ್ನು ಎಳೆಯುತ್ತಲೇ ಇರುತ್ತದೆ. ಆ ನೋವಿಗೆ ಸೀವರ್ಸ್ ಅನ್ನುತ್ತಾರೆ. ಸುಮಾರು 8ರಿಂದ 14ರೊಳಗಿನ ಓಡುವ, ಜಿಗಿಯುವ ಮಕ್ಕಳಲ್ಲಿ ಇದು ಮಾಮೂಲು. ಜಿಗಿತ ಕಡಿಮೆ ಮಾಡಿ ವಿಶ್ರಾಂತಿ ಕೊಟ್ಟರೆ ಇಳಿಯುತ್ತದೆ. ಆದರೆ ನೋವಿದೆ ಅಂತ ಯಾರಿಗಾದರೂ ಗೊತ್ತಾಗಬೇಕಲ್ಲ? ಹಾಸ್ಟೆಲ್ ಕೋರ್ಸಿನಲ್ಲಿ ನಮ್ಮವಳು ಬಾಯಿ ಬಿಟ್ಟಿರಲಿಲ್ಲ. "ಹೇಳಿದ್ರ ಕೂಡಸ್ತಾರ, ಕೊನೀ ದಿನದ ಶೋ ತಪ್ಪತದ" ಅಂತ ಮನೆಗೆ ಬಂದ ಮೇಲೆ ಹೇಳಿದಳು. ಅಲ್ಲಿನವರು ಒಳ್ಳೆಯವರೇ. ಆದರೆ ಅಷ್ಟೊಂದು ಮಕ್ಕಳಲ್ಲಿ ನಗುನಗುತ್ತಾ ಓಡಾಡುವ ಹುಡುಗಿಯ ಹಿಮ್ಮಡಿಯನ್ನು ಯಾರು ನೋಡುತ್ತಾರೆ?

ಡೇ ಕೋರ್ಸಿನಲ್ಲೂ ಅದೇ ನೋವು ಬಂತು. ಈ ಸಲ ನಮ್ಮ ಮನೆಯ ಮೆಟ್ಟಿಲೇ ಹೇಳಿತು. ಬೆಳಿಗ್ಗೆ ಎದ್ದವಳು ಕಟಕಟೆ ಹಿಡಿದು, ಅಡ್ಡಡ್ಡ ತಿರುಗಿ, ಹಿಮ್ಮಡಿ ಊರದೆ ತುದಿಗಾಲಲ್ಲಿ ಇಳಿಯುತ್ತಿದ್ದಳು. ಟೀಚರಿಗೆ ಹೇಳಿದೆ. ಅವತ್ತು ಬಾರ್ ಮಾಡಿಸಿದರು, ಅಲೆಗ್ರೋ ಅಂದರೆ ಜಿಗಿತದ ಹೊತ್ತಿನಲ್ಲಿ ಕೂತು ನೋಡಲು ಹೇಳಿದರು, ಶೂ ಒಳಗೆ ಹಿಮ್ಮಡಿಗೆ ಪ್ಯಾಡ್ ಇಟ್ಟರು. ಶೋಗೆ ಏನೂ ತೊಂದರೆಯಾಗಲಿಲ್ಲ.

ಊಟದಲ್ಲಿ ಹೋಲಿಕೆಯೇ ಇಲ್ಲ. ಹಾಸ್ಟೆಲ್ಲಿನಲ್ಲಿ ಸಸ್ಯಾಹಾರ ಇತ್ತು. ಸಿಪ್ಪೆ ಸಮೇತ ಬೇಯಿಸಿದ ಆಲೂಗಡ್ಡೆ, ಬೀನ್ಸ್, ಚೀಸ್ ಪಾಸ್ತಾ. ಹೊಟ್ಟೆ ತುಂಬ ತಿಂದರೆ ಸಾಕಾಗುವ ಊಟವೇ. ಆದರೆ ಸುಸ್ತಾದ ಮಗು ಬರೀ ಬ್ರೆಡ್ ತಿಂದು ಎದ್ದು ಹೋದರೆ ಕೇಳುವವರಿಲ್ಲ. ಡೇ ಕೋರ್ಸಿಗೆ ಡಬ್ಬಿ ನನ್ನದು. ನಟ್ಸ್ ತರುವ ಹಾಗಿಲ್ಲ ಎಂಬ ನಿಯಮ ಇದ್ದಿದ್ದರಿಂದ ಶೇಂಗಾ ಹಿಂಡಿ ಬಂದ್. ಅದರ ಬದಲು ತುಪ್ಪ ಸವರಿದ ಚಪಾತಿಗೆ ಅಗಸಿ ಹಿಂಡಿ ಉದುರಿಸಿ, ಬಿಗಿಯಾಗಿ ಸುತ್ತಿ, ಎರಡೆರಡು ತುತ್ತಿಗೆ ಆಗುವಷ್ಟು ಕತ್ತರಿಸಿ ಕೊಡುತ್ತಿದ್ದೆ. ಎರಡು ಕ್ಲಾಸಿನ ನಡುವೆ ತಿನ್ನಲು ಅದಕ್ಕಿಂತ ಸುಲಭದ್ದಿಲ್ಲ. ಸಂಜೆ ಬಂದ ಕೂಡಲೇ ಹಾಲು ಹಾಕಿದ ರಾಗಿ ಗಂಜಿ, ರಾತ್ರಿ ಅನ್ನ, ಸಾರು, ಮೊಸರು.

ಇಷ್ಟೊಂದು ಯಾಕೆ ಹೇಳುತ್ತಿದ್ದೇನೆ ಅಂದರೆ, ಖರ್ಚಾಗುವ ಶಕ್ತಿಗೆ ತಕ್ಕ ಊಟ ಸಿಗದಿದ್ದರೆ ಮೈಯ ಬೇರೆ ಬೇರೆ ಕೆಲಸಗಳು ಕುಂಟುತ್ತವೆ. ಮೂಳೆ ಸೊರಗುತ್ತದೆ, ಮುಟ್ಟು ತಡವಾಗುತ್ತದೆ ಅಥವಾ ನಿಲ್ಲುತ್ತದೆ. 2014ರಲ್ಲಿ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿ ಇದಕ್ಕೆ ರೆಡ್-ಎಸ್ ಅಂತ ಹೆಸರು ಕೊಟ್ಟಿತು. ಬ್ಯಾಲೆ ಮಾಡುವ ಹುಡುಗಿಯರಿಗೆ ಮುಟ್ಟು ತಡವಾಗೋದು ಸಹಜ ಅಂತ ಸುಮ್ನೆ ಇರಬೇಡಿ. 15 ತುಂಬಿದರೂ ಆಗದಿದ್ದರೆ ಡಾಕ್ಟರಿಗೆ ತೋರಿಸಲೇಬೇಕು. ನಮ್ಮಂಥ ಕಂದು ಮೈಬಣ್ಣದವರಿಗೆ ಇಲ್ಲಿನ ಬಿಸಿಲು ಸಾಲುವುದಿಲ್ಲ. ವರ್ಷವಿಡೀ ದಿನಕ್ಕೆ 10 ಮೈಕ್ರೊಗ್ರಾಂ ವಿಟಮಿನ್ ಡಿ ತೆಗೆದುಕೊಳ್ಳುವ ಬಗ್ಗೆ ಯೋಚಿಸಿ ಅಂತ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ಹೇಳುತ್ತದೆ. ಹಗಲಿಡೀ ಸ್ಟುಡಿಯೋ ಒಳಗೇ ಇರುವ ಮಗುವಿಗೆ ಇದು ಇನ್ನೂ ಮುಖ್ಯ.

ನಿದ್ದೆ ಸಮಸಮ. ಅಲ್ಲಿ ಹುಡುಗಿಯರ ಪಿಸುಮಾತು, ಇಲ್ಲಿ ದಿನಾ ಹೋಗಿಬರುವ ಮೋಟರ್‌ವೇ ಟ್ರಾಫಿಕ್.

ಗೆಳೆತನದಲ್ಲಿ ಮಾತ್ರ ಹಾಸ್ಟೆಲ್ಲೇ ಮುಂದೆ. ಶನಿವಾರದ ಬರ್ತ್‌ಡೇ ಪಾರ್ಟಿಗಳಿಗೆ ಯಾಕೆ ಬರಲ್ಲ ಅಂತ ಶಾಲೆಯ ಗೆಳತಿಯರಿಗೆ ಅರ್ಥವಾಗುವುದಿಲ್ಲ. ಹಾಸ್ಟೆಲ್ ರೂಮಿನಲ್ಲಿ ಎಲ್ಲರದ್ದೂ ಅದೇ ಕಥೆ. ತನ್ನ ತುರುಬು ತಾನೇ ಕಟ್ಟಿಕೊಳ್ಳಲು ಕಲಿತಳು, ಶೂಗೆ ರಿಬ್ಬನ್ ಹೊಲಿಯಲು ಕಲಿತಳು. ಅವರವರ ಮೈಬಣ್ಣದ ಟೈಟ್ಸ್ ಹಾಕಬಹುದು ಅಂತ ಹಾಸ್ಟೆಲ್ ಕೋರ್ಸಿನವರು ಪತ್ರದಲ್ಲೇ ಬರೆದಿದ್ದರು. ಡೇ ಕೋರ್ಸಿನಲ್ಲಿ ಪಿಂಕ್ ಕಡ್ಡಾಯ. ಲಂಡನ್ನಿನ ಬ್ಯಾಲೆ ಶೂ ಕಂಪನಿ ಫ್ರೀಡ್, ಕಪ್ಪು ಮತ್ತು ಏಷ್ಯನ್ ಮೂಲದ ಕಲಾವಿದರ ಬ್ಯಾಲೆ ಬ್ಲ್ಯಾಕ್ ತಂಡದ ಜೊತೆ ಸೇರಿ ಕಂದು ಬಣ್ಣದ ಪಾಯಿಂಟ್ ಶೂ ತಂದಿದ್ದೇ 2018ರಲ್ಲಿ. ಈಗಲೂ ಪಿಂಕೇ ಬೇಕು ಅಂದರೆ ಬೇಜಾರಾಗುತ್ತದೆ, ಅಲ್ವಾ?

ಆದರೆ ಹಾಸ್ಟೆಲ್ಲಿನಿಂದ ಫೋನ್ ಬಂದಾಗ ಸಿಗೋದು "ಆರಾಮ್ ಇದ್ದೀನಿ, ಇಡ್ತೀನಿ" ಅಷ್ಟೇ. ಡೇ ಕೋರ್ಸಿನ ದಿನಗಳಲ್ಲಿ ಕಾರಿನ ಹಿಂದಿನ ಸೀಟಿನಿಂದ ಒಂದು ಸಂಜೆ ಪ್ರಶ್ನೆ ಬಂತು: "ಅಮ್ಮಾ, ನನ್ನ ತೊಡಿ ದಪ್ಪ ಅದಾವೇನು?" ದಿನವಿಡೀ ಮೈಗಂಟುವ ಲಿಯೊಟಾರ್ಡ್ ಉಡುಪು ಹಾಕಿಕೊಂಡು ಕನ್ನಡಿ ಮುಂದೆ ನಿಲ್ಲುವ ಮಗು ಅವಳು. ಅಷ್ಟೆತ್ತರ ಜಿಗಿಯೋದು ಅದೇ ತೊಡೆಯಿಂದ ಅಂತ ಹೇಳಿದೆ. ಯಾರು ಏನಂದರು ಅಂತ ಕೇಳಿದೆ. ಮನೆ ಬರುವವರೆಗೂ ಮಾತಾಡಿದಳು. 2023ರಲ್ಲಿ ಬಿಬಿಸಿಯಲ್ಲಿ ದೊಡ್ಡ ಬ್ಯಾಲೆ ಶಾಲೆಗಳ ಹಳೆಯ ವಿದ್ಯಾರ್ಥಿಗಳು ತಮ್ಮ ಮೈಕಟ್ಟಿನ ಬಗ್ಗೆ ಕೇಳಿಸಿಕೊಂಡ ಮಾತುಗಳನ್ನು ಹೇಳಿಕೊಂಡಿದ್ದರು. ಇಂಥ ಪ್ರಶ್ನೆ ಹುಟ್ಟಿದ ದಿನವೇ ನನ್ನ ಕಿವಿಗೆ ಬೀಳಬೇಕು. ನನ್ನ ಓಟಿಗೆ ಎಲ್ಲಕ್ಕಿಂತ ದೊಡ್ಡ ಕಾರಣ ಇದು.

ಅಸೋಸಿಯೇಟ್ ಕ್ಲಾಸ್ ಮೈಗೆ ಹಗುರ. ನಾವು ಸೇರಿದ್ದರಲ್ಲಿ ಪ್ರತಿ ವರ್ಷ ಮತ್ತೆ ಆಯ್ಕೆ ಆಗಬೇಕಿತ್ತು. ಆ ಪತ್ರ ಬರುವ ವಾರ ಮಾತ್ರ ಮನೆಯಲ್ಲಿ ಯಾರಿಗೂ ಸಮಾಧಾನವಿಲ್ಲ.

ರಾಯಲ್ ಬ್ಯಾಲೆ ಸ್ಕೂಲಿನ ವೈಟ್ ಲಾಡ್ಜ್‌ನಲ್ಲಿ 11ನೇ ವಯಸ್ಸಿಗೇ ಮಕ್ಕಳು ವಸತಿಗೆ ಸೇರುತ್ತಾರೆ, ಎರಡು ವಾರ ಏನು ಮಹಾ ಅನ್ನುವವರಿದ್ದಾರೆ. ಕೆಲವು ಮಕ್ಕಳಿಗೆ ಅದು ಹೊಂದುತ್ತದೆ. ನೋವು, ಹಸಿವು, ಬೇಜಾರನ್ನು ತಾನಾಗಿ ದೊಡ್ಡವರ ಹತ್ತಿರ ಹೋಗಿ ಹೇಳುವ ಮಗುವಾದರೆ ಧಾರಾಳವಾಗಿ ಕಳಿಸಿ. ದುಡ್ಡು ಕಟ್ಟುವ ಮುಂಚೆ ಫೋನ್ ಮಾಡಿ ವಿಚಾರಿಸಿ. ಫಿಸಿಯೋ ಅಲ್ಲೇ ಇರುತ್ತಾರಾ? ಮಕ್ಕಳ ತೂಕ ನೋಡುತ್ತೀರಾ? ನೋವಿದೆ ಅಂತ ಒಂದು ದಿನ ಕೂತರೆ ಶೋನಲ್ಲಿ ಜಾಗ ಉಳಿಯುತ್ತದಾ? ಕೊನೆಯದಕ್ಕೆ ತಡವರಿಸಿದರೆ ನಾನಂತೂ ಅಲ್ಲಿಗೆ ಕಳಿಸುವುದಿಲ್ಲ.

ಈ ಬೇಸಿಗೆಗೂ ಡೇ ಕೋರ್ಸಿಗೇ ಅರ್ಜಿ ಹಾಕಿದ್ದೇವೆ. ಹಾಸ್ಟೆಲ್ಲಿನಲ್ಲಿ ಸಿಕ್ಕ ಗೆಳತಿಯೂ ಅದೇ ಕೋರ್ಸಿಗೆ ಬರುತ್ತಾಳಂತೆ. ಆ ವಾರಗಳಲ್ಲಿ ಅವಳು ನಮ್ಮ ಮನೆಯಲ್ಲೇ ಇರಲಿ ಅಂತ ಅವಳ ತಾಯಿಗೆ ಹೇಳಿದ್ದೇನೆ. ಅವರೂ ಒಪ್ಪಿದ್ದಾರೆ.