10 ಇಂಚಿನ ಡಾಬ್ಸೋನಿಯನ್: ಮೂರು ಮಳೆಗಾಲದ ನಂತರ ಯಾವ ಸಾಮಾನು ಉಳಿಯಿತು, ಯಾವುದು ಮೂಲೆ ಸೇರಿತು

ಡಾಬ್ಸೋನಿಯನ್ ಎಂದರೆ ನೆಲದ ಮೇಲಿನ ಸರಳ ಪೀಠದಲ್ಲಿ ಕೈಯಿಂದ ತಿರುಗಿಸುವ, ಕನ್ನಡಿಯ ದೂರದರ್ಶಕ. ನನ್ನದು 254 ಮಿ.ಮೀ. ಕನ್ನಡಿ, 1200 ಮಿ.ಮೀ. ನಾಭಿದೂರ, ಅಂದರೆ ಎಫ್/4.7 (ನಾಭಿದೂರ ಕನ್ನಡಿಯ ಅಗಲದ 4.7 ಪಟ್ಟು). ಉಕ್ಕಿನ ಕೊಳವೆ, ಪಾರ್ಟಿಕಲ್ ಬೋರ್ಡಿನ ಪೀಠ. ಧಾರವಾಡದ ಮಾಳಿಗೆ ಮೇಲೂ ನವಲಗುಂದ ಕಡೆಯ ಎರೆಹೊಲದಲ್ಲೂ ಮೂರು ವರ್ಷ ಬಳಸಿ ಬರೆಯುತ್ತಿರುವ ಮಾತಿದು. ಇಷ್ಟು ದೊಡ್ಡ ಕನ್ನಡಿ ಕೊಂಡವರು ಮೊದಲು ಐಪೀಸ್ (ಕಣ್ಣಿಟ್ಟು ನೋಡುವ ಮಸೂರ) ಪೆಟ್ಟಿಗೆಗೆ ಕೈ ಹಾಕುತ್ತಾರೆ. ನನ್ನ ಸಲಹೆ ಬೇರೆ: ಮೊದಲ ರೊಕ್ಕ ಕನ್ನಡಿಯನ್ನು ನೆಟ್ಟಗಿಡುವ, ತಣಿಸುವ, ಒಣಗಿಸಿಡುವ ಸಾಮಾನಿಗೆ ಹೋಗಲಿ.

ನೆಟ್ಟಗಿಡಲು ಬೇಕಾದದ್ದು ಚೆಷೈರ್ ಕೊಳವೆ, ಅಂದರೆ ಐಪೀಸಿನ ಜಾಗದಲ್ಲಿಟ್ಟು ಕನ್ನಡಿಗಳು ಒಂದೇ ನೇರಕ್ಕಿವೆಯೇ ಎಂದು ನೋಡುವ ಸಾಧನ. ಎಫ್/4.7ರಲ್ಲಿ ಕನ್ನಡಿ ತುಸು ಓರೆಯಾದರೂ ಗುರು ಗ್ರಹದ ಪಟ್ಟಿಗಳು ಮಸುಕಾಗುತ್ತವೆ. ಮೆಟ್ಟಿಲು ಹತ್ತಿಸಿ ಇಳಿಸಿದ ಪ್ರತಿ ಸಲ ನೋಡಿಕೊಳ್ಳಲೇಬೇಕು. ಇದೇ ಕೆಲಸಕ್ಕೆ ಅಗ್ಗದ ಲೇಸರ್ ಕೊಂಡರೆ ಮೊದಲು ಅದನ್ನೇ ಪರೀಕ್ಷಿಸಿ. ಎರಡು ಜೋಡಿ ಮೊಳೆ ಹೊಡೆದ ಹಲಗೆ ಮೇಲೆ ಅದನ್ನು ಮಲಗಿಸಿ, ಐದಾರು ಮೀಟರ್ ದೂರದ ಗೋಡೆಗೆ ಬೆಳಕು ಬಿಟ್ಟು, ನಿಧಾನ ಉರುಳಿಸಿ. ಚುಕ್ಕೆ ಒಂದೇ ಕಡೆ ನಿಂತರೆ ಸರಿ; ವೃತ್ತ ಬರೆದರೆ ಲೇಸರೇ ಸೊಟ್ಟ, ಅದನ್ನು ನಂಬಿ ತಿರುಗಿಸಿದ್ದೆಲ್ಲ ತಪ್ಪಾಗುತ್ತದೆ. ಸೆಕೆಂಡರಿ ಕನ್ನಡಿಯ (ಕೊಳವೆಯ ಬಾಯಿ ಹತ್ತಿರದ ಸಣ್ಣ ಓರೆ ಕನ್ನಡಿ) ತಿರುಪು ಮುಟ್ಟುವಾಗ ಕೊಳವೆ ಅಡ್ಡಡ್ಡ ಮಲಗಿರಲಿ. ನಿಲ್ಲಿಸಿಕೊಂಡು ಮಾಡಿದರೆ ಕೈಜಾರಿದ ಅಲೆನ್ ಕೀ ನೇರ ದೊಡ್ಡ ಕನ್ನಡಿ ಮೇಲೆ ಬೀಳುತ್ತದೆ. ದೊಡ್ಡ ಕನ್ನಡಿಯ ಲಾಕ್ ತಿರುಪುಗಳನ್ನು ಮೊದಲು ಸಡಿಲಿಸಿ, ಸರಿಪಡಿಸಿ, ಆಮೇಲೆ ಹಗುರಾಗಿ ಬಿಗಿಯಿರಿ. ಜೋರಾಗಿ ಬಿಗಿದರೆ ಮಾಡಿದ ಕೆಲಸ ಮತ್ತೆ ಕೆಡುತ್ತದೆ. ಈ ಕೊನೆಯ ಹೊಂದಿಕೆ ಮಾತ್ರ ಕೊಳವೆ 45 ಡಿಗ್ರಿ ಎತ್ತರದಲ್ಲಿದ್ದಾಗ ಆಗಲಿ.

ತಣಿಸಲು 80 ಮಿ.ಮೀ.ನ 12 ವೋಲ್ಟ್ ಕಂಪ್ಯೂಟರ್ ಫ್ಯಾನ್ ಸಾಕು. ಕನ್ನಡಿಯ ಬೆನ್ನಿಗೆ ಗಾಳಿ ಊದುವಂತೆ ಕೂರಿಸಿ, ಆದರೆ ತಿರುಪಿನಿಂದ ನೇರವಾಗಿ ಕೊಳವೆಗೆ ಬಿಗಿಯಬೇಡಿ. 150 ಪಟ್ಟು ದೊಡ್ಡದು ಮಾಡಿದಾಗ ನಕ್ಷತ್ರ ನಡುಗುತ್ತದೆ. ನಾಲ್ಕು ರಬ್ಬರ್ ಬ್ಯಾಂಡಿನಲ್ಲಿ ತೂಗಿಬಿಡಿ. 0.15 ಆಂಪಿಯರ್ ಎಳೆಯುವ ಫ್ಯಾನ್ ಎಂಟು ತಾಸು ಓಡಿದರೂ 7 ಆಂಪಿಯರ್-ಅವರ್‌ನ ಯುಪಿಎಸ್ ಬ್ಯಾಟರಿಯ ಐದನೇ ಒಂದು ಪಾಲೂ ಖರ್ಚಾಗದು. ಮಾರ್ಚ್ ತಿಂಗಳಲ್ಲಿ ಬಿಸಿ ಕೋಣೆಯಿಂದ ಹೊರತಂದ ಕನ್ನಡಿ ಫ್ಯಾನಿಲ್ಲದೆ ತಣಿಯಲು ತಾಸಿಗೂ ಹೆಚ್ಚು ಬೇಕು. ಹಗಲೆಲ್ಲ ಕಾದ ಮಾಳಿಗೆಯ ಕಾಂಕ್ರೀಟಿನಿಂದ ಏಳುವ ಬಿಸಿಗಾಳಿಗೆ ಮಾತ್ರ ಯಾವ ಸಾಮಾನೂ ಮದ್ದಲ್ಲ. ಅದಕ್ಕೇ ಹೊಲ ಮೇಲು. ಎರೆಮಣ್ಣಲ್ಲಿ ಪೀಠದ ಕಾಲು ಹೂತುಕೊಳ್ಳದಂತೆ ಕೆಳಗೆ ಮೂರು ಪ್ಲೈವುಡ್ ತುಂಡು ಹಾಕಿ.

ಐಪೀಸ್ ಮೂರು ಸಾಕು: 2 ಇಂಚಿನ 30 ಮಿ.ಮೀ. (40 ಪಟ್ಟು), 14 ಮಿ.ಮೀ. (86 ಪಟ್ಟು), 8 ಮಿ.ಮೀ. (150 ಪಟ್ಟು). 6 ಮಿ.ಮೀ. ಕೊಂಡರೆ 200 ಪಟ್ಟು ಸಿಗುತ್ತದೆ, ಗಾಳಿ ನಿಂತ ಕೆಲವೇ ರಾತ್ರಿ. 40 ಮಿ.ಮೀ. ಕೊಳ್ಳಲೇಬೇಡಿ: ಹೊರಬರುವ ಬೆಳಕಿನ ಕಂಬ 8.5 ಮಿ.ಮೀ. ದಪ್ಪ, ಕಣ್ಣಿನ ಪಾಪೆ ಕತ್ತಲಲ್ಲಿ ಅರಳುವುದು ಹೆಚ್ಚೆಂದರೆ 7. ಉಳಿದ ಬೆಳಕು ವ್ಯರ್ಥ. 30 ಮಿ.ಮೀ.ನ ಅಂಚಿನಲ್ಲಿ ನಕ್ಷತ್ರಗಳು ಧೂಮಕೇತುವಿನಂತೆ ಬಾಲ ಬಿಟ್ಟರೆ ಅದು ಐಪೀಸಿನ ತಪ್ಪೇ ಇರಬೇಕೆಂದಿಲ್ಲ. ಅಗಲಕ್ಕೆ ಹೋಲಿಸಿದರೆ ನಾಭಿದೂರ ಕಡಿಮೆಯಿರುವ ಇಂಥ ಕನ್ನಡಿಗೆ ಈ ಬಾಲದ ದೋಷ, ಅಂದರೆ ಕೋಮಾ, ಸಹಜ. ಅದನ್ನು ಸರಿಪಡಿಸುವ ಮಸೂರ, ಕೋಮಾ ಕರೆಕ್ಟರ್, ದುಬಾರಿ, ಎರಡನೇ ವರ್ಷಕ್ಕೆ ಇರಲಿ. ಭಾರದ ಐಪೀಸ್ ಹಾಕಿದಾಗ ಕೊಳವೆ ಮೂತಿ ಬಗ್ಗಿಸುತ್ತದೆ. ಕೊಳವೆ ಉಕ್ಕಿನದಾದ್ದರಿಂದ ಹಳೇ ಸ್ಪೀಕರಿನ ಮ್ಯಾಗ್ನೆಟ್ ಹಿಂಬದಿಗೆ ಅಂಟಿಸಿದರೆ ಆಯಿತು.

ಫೈಂಡರ್, ಅಂದರೆ ಗುರಿ ಹಿಡಿಯಲು ಕೊಳವೆಗೆ ಕೂರಿಸುವ ಸಣ್ಣ ದೂರದರ್ಶಕದ ವಿಷಯದಲ್ಲಿ ಜಿಪುಣತನ ಬೇಡ. ನಮ್ಮೂರು 15 ಡಿಗ್ರಿ ಅಕ್ಷಾಂಶದಲ್ಲಿರುವುದರಿಂದ ಸಿಂಹ ರಾಶಿಯ ಎಂ65, ಎಂ66 ಗೆಲಾಕ್ಸಿಗಳು ನಡುನೆತ್ತಿಗೇ ಬರುತ್ತವೆ. ನೇರ ಫೈಂಡರಿನಲ್ಲಿ ಅಲ್ಲಿ ನೋಡಲು ಕುತ್ತಿಗೆ ಮುರಿಯಬೇಕು. 9x50 ಅಳತೆಯ (9 ಪಟ್ಟು, 50 ಮಿ.ಮೀ. ಮಸೂರ) ಲಂಬಕೋನದ್ದು ಕೊಳ್ಳಿ. ಜತೆಗೆ ಟೆಲ್ರಾಡ್, ಅಂದರೆ ಆಕಾಶದ ಮೇಲೆ ಕೆಂಪು ವೃತ್ತ ತೋರಿಸುವ ಗುರಿಗಾಜು: ಅದರ ಅರ್ಧ, 2 ಮತ್ತು 4 ಡಿಗ್ರಿಯ ಕೆಂಪು ವೃತ್ತಗಳಿಂದ ನಕಾಶೆಯ ಜಾಗ ಬೇಗ ಸಿಗುತ್ತದೆ. ನೆತ್ತಿಗೆ ತೀರಾ ಹತ್ತಿರವಿರುವಾಗ ಡಾಬ್ಸೋನಿಯನ್ ಪಕ್ಕಕ್ಕೆ ತಿರುಗಿಸುವುದೇ ಕಷ್ಟ. ಒಂದು ತಾಸು ಮೊದಲೋ ಆಮೇಲೋ ನೋಡಿ. ಬಡಗಿಗಳು ಬಳಸುವ, ಮ್ಯಾಗ್ನೆಟ್ ಇರುವ ಡಿಜಿಟಲ್ ಆಂಗಲ್ ಗೇಜನ್ನು ಕೊಳವೆಗೆ ಅಂಟಿಸಿ, ಪೀಠ ಸಮತಟ್ಟು ಮಾಡಿ, ಸ್ಟೆಲೇರಿಯಂ ಎಂಬ ಆಕಾಶ ನಕಾಶೆಯ ಆ್ಯಪ್ ತೋರಿಸುವ ಎತ್ತರಕ್ಕೆ ಹೊಂದಿಸಿದರೆ ಹುಡುಕಾಟ ಅರ್ಧಕ್ಕಿಳಿಯುತ್ತದೆ. ಇಡೀ ಪಟ್ಟಿಯಲ್ಲಿ ಕೊಟ್ಟ ರೊಕ್ಕಕ್ಕೆ ಹೆಚ್ಚು ಕೆಲಸ ಮಾಡಿದ್ದು ಇದೇ.

ಫಿಲ್ಟರ್‌ಗಳಲ್ಲಿ ಯುಎಚ್‌ಸಿ ಒಂದೇ ಸಾಕು; ಅದು ನೀಹಾರಿಕೆಯ ಬೆಳಕನ್ನು ಬಿಟ್ಟು ಉಳಿದದ್ದನ್ನು ಹೆಚ್ಚಾಗಿ ತಡೆಯುತ್ತದೆ. ಒರಾಯನ್ ನೀಹಾರಿಕೆಗೂ, ದಕ್ಷಿಣದಲ್ಲಿ 15 ಡಿಗ್ರಿಯಷ್ಟೇ ಏರುವ ಈಟಾ ಕರೀನಾ ನೀಹಾರಿಕೆಗೂ ಅದು ಚೆನ್ನ. ಒಮೆಗಾ ಸೆಂಟಾರಿ ನಕ್ಷತ್ರಗಳ ಗುಚ್ಛ, ಅದಕ್ಕೆ ಯಾವ ಫಿಲ್ಟರೂ ನೆರವಾಗದು. ಧಾರವಾಡದವರಿಗೆ ಹುಬ್ಬಳ್ಳಿಯ ಬೆಳಕು ಆಗ್ನೇಯಕ್ಕಿರುತ್ತದೆ. ಮೇ ಮಧ್ಯದಲ್ಲಿ ರಾತ್ರಿ ಹತ್ತೂವರೆಗೆ ಗುಚ್ಛ ನೇರ ದಕ್ಷಿಣಕ್ಕೆ, 27 ಡಿಗ್ರಿ ಎತ್ತರಕ್ಕೆ ಬರುವ ತನಕ ತಾಳಿ. ಸೂರ್ಯನಿಗೆ ಕೊಳವೆಯ ಮುಂಭಾಗವನ್ನು ಪೂರ್ತಿ ಮುಚ್ಚುವ ಸೋಲಾರ್ ಫಿಲ್ಮ್ ಮಾತ್ರ. ಐಪೀಸಿಗೆ ಸಿಕ್ಕಿಸುವ ಸೂರ್ಯ ಫಿಲ್ಟರ್ ಕಾದು ಸೀಳಿದರೆ ಕಣ್ಣು ಹೋಗುತ್ತದೆ, ಕೈಗೆ ಬಂದರೆ ಎಸೆದುಬಿಡಿ. ಫೈಂಡರಿಗೂ ಮುಚ್ಚಳ ಹಾಕಿರಿ.

ಇನ್ನು ಧಾರವಾಡದ ಜಿಟಿಜಿಟಿ ಮಳೆ. ಪಾರ್ಟಿಕಲ್ ಬೋರ್ಡಿನ ಕತ್ತರಿಸಿದ ಅಂಚು, ತಿರುಪಿನ ತೂತು ನೀರು ಕುಡಿದು ಉಬ್ಬಿದರೆ ಮತ್ತೆ ಇಳಿಯುವುದಿಲ್ಲ. ಮೊದಲ ಮಳೆಗಾಲಕ್ಕೆ ಮುನ್ನವೇ ಎರಡು ಕೈ ವಾರ್ನಿಶ್ ಹೊಡೆಯಿರಿ. ಇಬ್ಬನಿ ಬಿದ್ದ ಕೊಳವೆಗೆ ತಕ್ಷಣ ಮುಚ್ಚಳ ಹಾಕಿದರೆ ತೇವ ಒಳಗೇ ಉಳಿಯುತ್ತದೆ. ಮನೆಯೊಳಗೆ ಅಡ್ಡ ಮಲಗಿಸಿ, ಪೂರ್ತಿ ಒಣಗಿದ ಮೇಲೆ ಮುಚ್ಚಿ. ಐಪೀಸುಗಳನ್ನು ಗಾಳಿಯಾಡದ ಡಬ್ಬಿಯಲ್ಲಿ ಕಿತ್ತಳೆ ಬಣ್ಣದ ಸಿಲಿಕಾ ಜೆಲ್ ಜತೆ ಇಡಿ. ಅದು ಹಸಿರಾದಾಗ 110–120 ಡಿಗ್ರಿಯಲ್ಲಿ ಬಿಸಿ ಮಾಡಿದರೆ ಮತ್ತೆ ಕಿತ್ತಳೆಯಾಗುತ್ತದೆ. ಅದಕ್ಕೆ ಅಡುಗೆಯ ಪಾತ್ರೆ ಬಳಸಬೇಡಿ, ಬೇರೆಯೇ ತಟ್ಟೆ ಇಟ್ಟುಕೊಳ್ಳಿ.