ಷೇರು ಕೈಗೆ ಕೊಡುವುದೋ, ಟ್ರಸ್ಟ್‌ಗೆ ಒಪ್ಪಿಸುವುದೋ?

ನಾನು ಕಟ್ಟಿದ ಕಂಪನಿ ಅಲ್ಲಿ ದುಡಿಯುವವರದ್ದೇ ಆಗಬೇಕು ಅನ್ನುವ ಆಸೆ ಬಹಳ ದಿನದ್ದು. ನಿವೃತ್ತಿಯಾಗುವ ಮೊದಲು ಮೂರು ದಾರಿ ಹಿಡಿದು ನೋಡಿದೆ.

ಮೊದಲು ಕೊಟ್ಟದ್ದು ಸ್ಟಾಕ್ ಆಪ್ಷನ್. ಇವತ್ತು ಗೊತ್ತುಮಾಡಿದ ಬೆಲೆಗೆ ಮುಂದೆ ಷೇರು ಕೊಳ್ಳುವ ಹಕ್ಕು ಇದು. ಇದನ್ನೇ ಇಸಾಪ್ ಅಂತಲೂ ಕರೆಯುತ್ತಾರೆ. ಅಮೆರಿಕದಲ್ಲಿ ಆ ಹೆಸರಿನ ಅರ್ಥವೇ ಬೇರೆ, ಅಲ್ಲಿ ಅದು 1974ರ ಕಾನೂನಿನಡಿ ನಡೆಯುವ ನಿವೃತ್ತಿ ಯೋಜನೆ. ನಮ್ಮದು ಷೇರುಪೇಟೆಗೆ ಹೋಗದ ಕಂಪನಿ. ಕೊಂಡ ಷೇರನ್ನು ಯಾರಿಗೆ ಮಾರುವುದು? ಹೆಚ್ಚಿನವರು ಪತ್ರವನ್ನು ಡ್ರಾಯರ್‌ನಲ್ಲಿಟ್ಟು ಮರೆತರು.

ಆಮೇಲೆ ನೇರವಾಗಿ ಷೇರನ್ನೇ ಮಾರಿದೆವು, ಸಂಬಳದಲ್ಲಿ ತಿಂಗಳು ತಿಂಗಳು ಸ್ವಲ್ಪ ಹಿಡಿದುಕೊಂಡು. ಇದರಲ್ಲಿ ಜೀವ ಇತ್ತು. ಗೋದಾಮಿನಲ್ಲಿದ್ದ ಒಬ್ಬರು ಲೆಕ್ಕಪತ್ರದ ಒಂದು ಖರ್ಚಿನ ಮೇಲೆ ಬೆರಳಿಟ್ಟು, "ಸಾರ್, ಇದು ಇಷ್ಟೊಂದು ಯಾಕೆ?" ಅಂತ ಕೇಳಿದರು. ಅಂಥ ಪ್ರಶ್ನೆ ಅದಕ್ಕೂ ಮೊದಲು ಯಾರೂ ಕೇಳಿರಲಿಲ್ಲ. ತೊಡಕು ಶುರುವಾದದ್ದು ಹಿರಿಯರು ಕೆಲಸ ಬಿಟ್ಟಾಗ. ಅವರ ಷೇರನ್ನು ಕಂಪನಿಯೇ ವಾಪಸ್ ಕೊಳ್ಳಬೇಕು. ಒಂದೇ ವರ್ಷ ನಾಲ್ವರು ಹೊರಟರು, ಯಂತ್ರಕ್ಕೆಂದು ಇಟ್ಟಿದ್ದ ಹಣ ಅಲ್ಲಿಗೇ ಮುಗಿಯಿತು. ಕಂಪನಿ ಬೆಳೆದಷ್ಟೂ ಷೇರಿನ ಬೆಲೆ ಏರುತ್ತದೆ, ಈ ಹೊರೆಯೂ ಜಾಸ್ತಿ ಆಗುತ್ತದೆ. ಹೊಸದಾಗಿ ಸೇರಿದವರಿಗೆ ಆ ಬೆಲೆಯೇ ಎಟುಕುವುದಿಲ್ಲ.

ಕೊನೆಗೆ ಟ್ರಸ್ಟ್. ಅಂದರೆ ನನ್ನ ಷೇರನ್ನು ಒಬ್ಬೊಬ್ಬರ ಹೆಸರಿಗಲ್ಲ, ಕೆಲಸಗಾರರೆಲ್ಲರ ಪರವಾಗಿ ಇಟ್ಟುಕೊಳ್ಳುವ ಟ್ರಸ್ಟ್‌ಗೆ ಮಾರಿದೆ. ಬ್ರಿಟನ್ನಿನ ಜಾನ್ ಸ್ಪೀಡನ್ ಲೂಯಿಸ್ 1929ರಲ್ಲೇ ತಮ್ಮ ಅಂಗಡಿಗಳನ್ನು ಹೀಗೆ ಒಪ್ಪಿಸಿದ್ದರು. 2014ರಲ್ಲಿ ಅಲ್ಲಿನ ಸರ್ಕಾರ ಇಂಥ ಟ್ರಸ್ಟ್‌ಗೆ ಮಾರುವ ಮಾಲೀಕರಿಗೆ ತೆರಿಗೆ ವಿನಾಯಿತಿಯನ್ನೂ ಕೊಟ್ಟಿತು. ನನ್ನ ಷೇರಿನ ಹಣ ಕಂಪನಿಯ ಲಾಭದಿಂದ ಏಳು ವರ್ಷ ಕಂತಿನಲ್ಲಿ ಬಂತು. ಯಾರೂ ಸಾಲ ಮಾಡಿ ಷೇರು ಕೊಳ್ಳಬೇಕಿರಲಿಲ್ಲ. ಯಾರೇ ಹೊರಟರೂ ಕಂಪನಿ ಅಲುಗಲಿಲ್ಲ, ಷೇರು ಟ್ರಸ್ಟ್‌ನಲ್ಲೇ ಉಳಿಯಿತಲ್ಲ.

ಆದರೆ ಕೆಲಸ ಬಿಡುವವರ ಕೈಗೆ ಷೇರಿನ ಹಣವೂ ಬರುವುದಿಲ್ಲ. ಇದ್ದಷ್ಟು ದಿನ ಲಾಭದ ಪಾಲು ಮಾತ್ರ. "ಹಾಗಾದರೆ ನನ್ನದು ಅಂತ ಏನಿದೆ?" ಅಂತ ಒಬ್ಬ ಹುಡುಗಿ ಕೇಳಿದಳು. ನ್ಯಾಯವಾದ ಪ್ರಶ್ನೆ, ಅಲ್ವಾ? ಟ್ರಸ್ಟಿಗಳನ್ನೆಲ್ಲ ಮೊದಲು ನಾನೇ ಆರಿಸಿದ್ದೂ ತಪ್ಪು. ಓಟು ಇಲ್ಲದ ಮಾಲೀಕತ್ವ ಬರೀ ಬೋನಸ್ ಆಗಿಬಿಡುತ್ತದೆ. ಸ್ಪೇನಿನ ಮೊಂದ್ರಾಗೊನ್ ಸಹಕಾರಿಗಳಲ್ಲಿ ಬಂಡವಾಳ ಎಷ್ಟೇ ಇರಲಿ, ಒಬ್ಬ ಸದಸ್ಯರಿಗೆ ಒಂದೇ ಓಟು. ಅದನ್ನು ನೋಡಿ, ಐವರು ಟ್ರಸ್ಟಿಗಳಲ್ಲಿ ಮೂವರನ್ನು ಕೆಲಸಗಾರರೇ ಆರಿಸುವ ಹಾಗೆ ಬದಲಾಯಿಸಿದೆವು.

ಇನ್ನೊಮ್ಮೆ ಮಾಡುವುದಾದರೆ ಮುಕ್ಕಾಲು ಪಾಲು ಟ್ರಸ್ಟ್‌ಗೆ, ಉಳಿದ ಕಾಲು ಪಾಲು ಜನರ ಹೆಸರಿಗೇ ಕೊಡುತ್ತೇನೆ. ಅದಕ್ಕೂ ಮೊದಲು ಮುಂದಿನ ಹತ್ತು ವರ್ಷದಲ್ಲಿ ಯಾರ್ಯಾರು ನಿವೃತ್ತರಾಗುತ್ತಾರೆ ಅಂತ ಒಂದು ಪಟ್ಟಿ ಬರೆದುಕೊಳ್ಳುತ್ತೇನೆ.